ಬ್ಯಾಂಕಾಕ್ ಕಾಕಾ

ಆ ಫೋಟೊ ಒಂದನ್ನು ಗೋಡೆಗೆ ತೂಗುಹಾಕದೆ ಇದ್ದಿದ್ದರೆ ಈರಬಸಪ್ಪನಿಗೆ ಇಷ್ಟೆಲ್ಲ ತಾಪತ್ರಯ ಬರುತ್ತಿರಲಿಲ್ಲ.

ಮೊರಬದ ಬಸ್ ಸ್ಟ್ಯಾಂಡಿನ ಎದುರಿಗೆ ಅವನ ಬೀಜ-ಗೊಬ್ಬರದ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಬಸವಣ್ಣನ ಪಟದ ಮಗ್ಗುಲಿಗೆ, ಅದಕ್ಕಿಂತ ಒಂದು ಗೇಣು ದೊಡ್ಡದಾಗಿ, ಆ ಫೋಟೊ ಇತ್ತು. ಬಂಗಾರದ ಗೋಪುರದ ಮುಂದೆ ಕರಿ ಚಸ್ಮಾ ಹಾಕಿಕೊಂಡು, ಎರಡೂ ಕೈ ಜೋಡಿಸಿ ನಿಂತ ಈರಬಸಪ್ಪ. ಆರು ವರ್ಷದ ಹಿಂದೆ ಬೀಜದ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ನಾಲ್ಕು ದಿನ ಬ್ಯಾಂಕಾಕಿಗೆ ಕರೆದೊಯ್ದಿತ್ತು. ಮೊರಬದಿಂದ ಹೋದವನು ಇವನೊಬ್ಬನೇ. ಅಂದಿನಿಂದ ಊರಿಗೆಲ್ಲ ಅವನು ‘ಬ್ಯಾಂಕಾಕ್ ಕಾಕಾ’.

ಅವನ ಅಂಗಡಿಯಲ್ಲಿ ಒಂದು ಚೀಲ ಯೂರಿಯಾ ಕೊಂಡವರಿಗೆ ಥಾಯ್ಲೆಂಡಿನ ಒಂದು ಸುದ್ದಿ ಪುಕ್ಕಟೆ ಸಿಗುತ್ತಿತ್ತು. ಅಲ್ಲಿ ಬಜಾರವೇ ನೀರಿನ ಮೇಲೆ ತೇಲುತ್ತದೆ. ಅಲ್ಲಿಯ ಬುದ್ಧ ಮಲಗಿದರೆ ನಮ್ಮ ಬಸ್ ಸ್ಟ್ಯಾಂಡಿನಿಂದ ಪಂಚಾಯತಿಯ ತನಕ ಕಾಲು ಚಾಚುತ್ತಾನೆ. ಬಂದವರಿಗೆಲ್ಲ ಈರಬಸಪ್ಪ ಕೈ ಮುಗಿದು “ಮೈ ಪೆನ್ ರೈ” ಎನ್ನುತ್ತಿದ್ದ. ಥಾಯ್ಲೆಂಡಿನಲ್ಲಿ ನಮಸ್ಕಾರಕ್ಕೆ ಹಾಗನ್ನುತ್ತಾರೆಂದು ಅವನೇ ಹೇಳಿದ್ದ. ಈಗ ಅರ್ಧ ಊರು ತಿರುಗಿ ಹಾಗೆಯೇ ಅನ್ನುತ್ತಿತ್ತು.

ಹೆಸರಿನ ಬೆಳೆ ಹೂವಿಗೆ ಬಂದಿದ್ದ ಹೊತ್ತು. ಒಂದು ಗುರುವಾರ ಮುಂಜಾನೆ ಸಿದ್ಧಲಿಂಗ ಮಾಸ್ತರು ಅಂಗಡಿಯ ಕಟ್ಟೆಯ ಮುಂದೆ ಬಂದು ನಿಂತರು. ಕನ್ನಡ ಶಾಲೆಯ ಮಾಸ್ತರು. ಅವರ ಮಗಳು ಸುನಿತಾ, ಕೃಷಿ ಕಾಲೇಜು ಮುಗಿಸಿ, ಒಂದು ವರ್ಷದಿಂದ ಥಾಯ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಸ್ಕಾಲರ್‌ಶಿಪ್ಪಿನ ಮೇಲೆ ಹೆಸರುಕಾಳಿನ ತಳಿಗಳ ಬಗ್ಗೆ ಎಂಎಸ್ಸಿ ಓದುತ್ತಿದ್ದಳು. ರಜೆಗೆಂದು ಊರಿಗೆ ಬಂದಿದ್ದಳು.

“ಬರ್ರಿ ಮಾಸ್ತರ, ಚಾ ಆತೇನ್ರಿ?” ಅಂದ ಈರಬಸಪ್ಪ.

“ಆತ್ರಿ,” ಅಂದರು ಮಾಸ್ತರು, ದಿನದಂತೆ. “ಈರಬಸಪ್ಪನವರ, ನಮ್ಮ ಸುನಿತಾ ಹೋಗಂಗಿಲ್ಲ ಅಂತ ಕುಂತಾಳ್ರಿ.”

“ಎಲ್ಲಿಗಿ?”

“ಥಾಯ್ಲೆಂಡಿಗ್ರಿ. ಬರೂ ಐತವಾರ ವಿಮಾನ ಐತಿ. ನಾಕ ದಿನಾ ಆತು, ಬ್ಯಾಗಿಗೆ ಒಂದ ಅರಿವಿ ಹಾಕಿಲ್ಲ. ಕೇಳಿದ್ರ ಅಳತಾಳ. ಯಾರರ ಏನರ ಮಾಡಿದ್ರೇನು ಅಂದ್ರ, ಯಾರೂ ಏನೂ ಮಾಡಿಲ್ಲ ಅಂತಾಳ. ಬುದ್ಧನ ದೇಶ, ಸ್ವಂತ ಮನಿಗಿ ಹೋಧಂಗ ಇರ್ತಾಳ ಅಂತ ನಾವು ತಿಳದಿದ್ವಿ. ನಮಗ ಆ ದೇಶದ ಗಂಧಗಾಳಿ ಗೊತ್ತಿಲ್ಲ. ನೀವು ಕಂಡವ್ರು. ಬಂದು ನಾಕ ಮಾತ ಹೇಳ್ರಿ.”

ಈರಬಸಪ್ಪ ರಸ್ತೆಯತ್ತ ನೋಡಿದ. “ಇವತ್ತ ಗೊಬ್ಬರದ ಲಾರಿ ಬರೂದೈತ್ರಿ ಮಾಸ್ತರ…”

ಬಾಜು ಅಂಗಡಿಯಲ್ಲಿ ಹೊಲಿಗೆ ಮಷಿನ್ನಿನ ಸದ್ದು ನಿಂತಿತು. ಟೇಲರ್ ಮಾಬುಸಾಬ ಬಾಯಲ್ಲಿದ್ದ ದಾರ ತೆಗೆದು, “ಲಾರಿ ನಾ ಇಳಿಸ್ಕೋತೀನ್ರಿ ಕಾಕಾ,” ಅಂದ. “ನೀವು ಹೋಗ್ರಿ. ಹುಡುಗಿ ಬಾಳೇದ ಪ್ರಶ್ನಿ.”

“ನಿನ್ನಿಯಿಂದ ಮೈ ಕೈ ಭಾಳ ನೂಸಾಕತ್ತಾವೋ ಮಾಬು.”

ಅಂಗಡಿಯ ಹಿಂದೆಯೇ ಮನೆ. ಅಲ್ಲಿಂದ ಹೆಂಡತಿ ಮಲ್ಲಕ್ಕನ ದನಿ ಬಂತು: “ಬ್ಯಾಂಕಾಕಿಗೆ ಹೋಗೂಮುಂದ ನೋಯಲಿಲ್ಲ, ಆಚಿ ಓಣಿಗೆ ಹೋಗಾಕ ನೋಯಾಕತ್ತಾವೇನ್ರಿ?”

ಅಷ್ಟರಲ್ಲಿ ಚಹಾದ ಅಂಗಡಿಯಲ್ಲಿ ಕುಳಿತಿದ್ದ ಭೀಮಶಿ ಎದ್ದು ಬಂದ. ಒಂದು ಸಲ ಪಂಚಾಯತಿ ಮೆಂಬರ್ ಆಗಿದ್ದವನು. ಅವಧಿ ಮುಗಿದು ಹತ್ತು ವರ್ಷವಾಗಿದ್ದರೂ ಊರಿನ ಯಾವ ತಂಟೆಯೂ ಅವನನ್ನು ಬಿಟ್ಟು ನಡೆಯುತ್ತಿರಲಿಲ್ಲ. “ನಡೀರಿ ಕಾಕಾ, ನಾನೂ ಬರ್ತೀನಿ,” ಅಂದ. ಅವನ ಹಿಂದೆ ಇನ್ನೂ ನಾಲ್ಕೈದು ಮಂದಿ ಎದ್ದರು. ಈರಬಸಪ್ಪ ಚಪ್ಪಲಿ ಮೆಟ್ಟಿದ.

ಮಾಸ್ತರ ಮನೆಗೆ ನಾಲ್ಕುನೂರು ಹೆಜ್ಜೆಯೂ ಇರಲಿಲ್ಲ. ಹನುಮಪ್ಪನ ಗುಡಿ ದಾಟಿ ಎಡಕ್ಕೆ ಹೊರಳಿದಾಗ ಈರಬಸಪ್ಪನಿಗೆ ಒಂದು ವಿಚಾರ ಹೊಳೆಯಿತು. ಐವತ್ತಾರು ವರ್ಷ ಇದೇ ಊರಿನಲ್ಲಿ ಬದುಕಿದ್ದ. ಈ ಓಣಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಓಣಿಯ ಮಂದಿಯೆಲ್ಲ ಅವನಿಗೆ ಗೊತ್ತು. ಯಾರ ಹೊಲ ಎಷ್ಟು, ಯಾರು ಯಾವ ಬೀಜ ಬಿತ್ತುತ್ತಾರೆ ಎಂಬುದೂ ಗೊತ್ತು. ಅವರು ಅಂಗಡಿಗೆ ಬರುತ್ತಿದ್ದರು, ಹೋಗುತ್ತಿದ್ದರು. ಅವನು ವಿಮಾನ ಹತ್ತಿ ಸಮುದ್ರ ದಾಟಿದ್ದ. ಹನುಮಪ್ಪನ ಗುಡಿ ದಾಟಿರಲಿಲ್ಲ.

ಮಾಸ್ತರ ಹೆಂಡತಿ ದುಂಡವ್ವ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಸೆರಗಿನಿಂದ ಒರೆಸಿ ಇಟ್ಟಳು. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ. ಈರಬಸಪ್ಪ ಕುಳಿತನೋ ಇಲ್ಲವೋ, ಬಾಗಿಲಲ್ಲಿ, ಕಿಟಕಿಯಲ್ಲಿ ತಲೆಗಳು ಮೂಡಿದವು. ಒಳಗಿನ ಖೋಲಿಯ ಬಾಗಿಲು ಮುಚ್ಚಿತ್ತು.

“ಸುನಿತಾ, ಬ್ಯಾಂಕಾಕ್ ಕಾಕಾ ಬಂದಾರವ್ವಾ, ಬಾಗ್ಲಾ ತಗಿ,” ಅಂದ ಭೀಮಶಿ. ಒಳಗಿನಿಂದ ಸದ್ದಿಲ್ಲ. “ಕಾಕಾ, ಅಲ್ಲಿ ಭಾಷಾದಾಗ ಕರೀರಿ. ಆಗ ನೋಡ್ರಿ ಹೆಂಗ ತಗೀತಾಳ.”

ಈರಬಸಪ್ಪನ ಬಳಿ ಆ ಭಾಷೆಯದು ಇದ್ದದ್ದೇ ಒಂದು ಮಾತು. ಎದ್ದು ನಿಂತು, ಮುಚ್ಚಿದ ಬಾಗಿಲಿಗೆ ಕೈ ಮುಗಿದು, ದೇವರ ಮುಂದೆ ಅಂದ ಹಾಗೆ ಗಟ್ಟಿಯಾಗಿ ಅಂದ: “ಮೈ ಪೆನ್ ರೈ!”

ಒಳಗೆ ಏನೋ ಬಿದ್ದ ಸದ್ದಾಯಿತು. ಚಿಲಕ ಸರಿಯಿತು. ಅತ್ತು ಕಣ್ಣು ಬಾತ ಹುಡುಗಿಯೊಬ್ಬಳು ಹೊಸ್ತಿಲಲ್ಲಿ ನಿಂತು ಅವನನ್ನು ದಿಟ್ಟಿಸಿದಳು. ಆಮೇಲೆ ಮೆಲ್ಲಗೆ, ರಾಗ ಎಳೆದ ಹಾಗೆ, ಥಾಯ್ ಭಾಷೆಯಲ್ಲಿ ಏನೋ ಕೇಳಿದಳು. ಅದು ಪ್ರಶ್ನೆ ಎಂಬುದಷ್ಟೇ ಈರಬಸಪ್ಪನಿಗೆ ತಿಳಿಯಿತು. ಕಿಟಕಿ ಬಾಗಿಲುಗಳ ತಲೆಗಳೆಲ್ಲ ಅವನತ್ತ ಹೊರಳಿದವು.

ಈರಬಸಪ್ಪ ಗಂಟಲು ಸರಿಮಾಡಿಕೊಂಡ. “ಭೀಮಶಿ, ಎಲ್ಲಾರ್ನೂ ಕರಕೊಂಡು ಹೊರಗ ನಡಿ. ಆಕಿ ಕೇಳಿದ್ದು ಮಂದಿ ಮುಂದ ಹೇಳೂವಂಥಾದ್ದಲ್ಲ.”

ಮಂದಿಗೆ ಅವನ ಮೇಲಿದ್ದ ಮರ್ಯಾದೆ ಒಮ್ಮೆಲೇ ಇಮ್ಮಡಿಯಾಯಿತು. ಮನಸ್ಸಿಲ್ಲದ ಮನಸ್ಸಿನಿಂದ ಒಬ್ಬೊಬ್ಬರಾಗಿ ಸರಿದರು. ಮಾಸ್ತರೂ ದುಂಡವ್ವನೂ ಹೊರಗೆ ನಡೆದರು.

“ಕಾಕಾ,” ಅಂದಳು ಸುನಿತಾ, “ನಾ ಕೇಳಿದ್ದು ಚಾ ಕುಡೀತೀರೇನು ಅಂತ. ಅದನ್ನ ಮಂದಿ ಮುಂದ ಯಾಕ ಹೇಳಬಾರ್ದ್ರಿ?”

“ನಿನ್ನ ಉಚ್ಚಾರ ಬ್ಯಾರೆ ಐತವ್ವಾ,” ಅಂದ ಈರಬಸಪ್ಪ, ಬೆವರು ಒರೆಸುತ್ತ. “ಬ್ಯಾಂಕಾಕಿನ ಕಡೆ ಹಿಂಗ ಅನ್ನಂಗಿಲ್ಲ.”

ಇಬ್ಬರೂ ಹಿತ್ತಲಿಗೆ ಹೋದರು. ಅಲ್ಲೊಂದು ಬೇವಿನ ಗಿಡ, ಅದರ ಕೆಳಗೆ ಅರಿವೆ ಒಗೆಯುವ ಕಲ್ಲು. ಈರಬಸಪ್ಪ ಕಲ್ಲಿನ ಮೇಲೆ, ಸುನಿತಾ ಮೆಟ್ಟಿಲ ಮೇಲೆ ಕುಳಿತರು. ಗೋಡೆಯಾಚೆ ಭೀಮಶಿಯ ಕೆಮ್ಮು ಕೇಳುತ್ತಿತ್ತು, ದೂರ ಹೋಗಿರಲಿಲ್ಲ.

“ಯಾರರ ಏನರ ಅಂದ್ರೇನವ್ವಾ ಅಲ್ಲಿ?”

“ಇಲ್ರಿ. ಅದ ತ್ರಾಸ. ನಮ್ಮ ಕಡೆ ಸಿಟ್ಟ ಬಂದ್ರ ಒದರ್ತಾರ, ಗೊತ್ತಾಗಿಬಿಡ್ತೈತಿ. ಅಲ್ಲಿ ಖುಷಿಗೂ ನಗ್ತಾರ, ಸಿಟ್ಟಿಗೂ ನಗ್ತಾರ, ನಾಚಿಕಿಗೂ ನಗ್ತಾರ. ಯಾವ ನಗು ‘ಬಾ’ ಅಂತೈತಿ, ಯಾವ್ದು ‘ಹೋಗು’ ಅಂತೈತಿ, ನನಗ ತಿಳಿಯಂಗಿಲ್ಲ.” ಸುನಿತಾ ನೆಲದಲ್ಲಿ ಕಡ್ಡಿಯಿಂದ ಗೀರುತ್ತಿದ್ದಳು. “ನಮ್ಮ ಲ್ಯಾಬಿನಾಗ ಮೂ ಅಂತ ಒಬ್ಬಾಕಿ ಅದಾಳ್ರಿ…”

“ಮೂ ಅಂದ್ರ?”

“ಹಂದಿ.”

“ಹಂದಿ ಅಂತ ಹೆಸರಿಡ್ತಾರ?”

“ಪ್ರೀತಿಲೆ ಕರಿಯೂ ಹೆಸರ್ರಿ. ನಮ್ಮಲ್ಲಿ ಹುಚ್ಚಪ್ಪ ಅಂತ ಇಡಂಗಿಲ್ಲೇನು?”

ಈರಬಸಪ್ಪನ ಮಾವನ ಹೆಸರೇ ಹುಚ್ಚಪ್ಪ.

“ಆಕಿಗೆ ಒಂದಿನಾ ‘ಆ ಬಾಟ್ಲಿ ಕೊಡು’ ಅಂದೆ. ನಾವು ಅಂತೀವಲ್ಲ, ಹಂಗ ಗಟ್ಟಿ ದನೀಲೆ. ಆಕಿ ಬಾಟ್ಲಿ ಕೊಟ್ಲು, ನಕ್ಲು, ಹೊರಗ ಹೋಗಿ ಅತ್ಲಂತ. ನಾ ಬೈದೆ ಅಂತ ತಿಳದಿದ್ಲು. ಆವತ್ತಿನಿಂದ ಎಲ್ಲಾರೂ ನನ್ನ ಮುಂದ ಮೆಲ್ಲಕ ಮಾತಾಡ್ತಾರ. ಮಲಗಿದ್ದ ಕೂಸಿನ ಬಾಜೂಕ ಹಾದು ಹೋಗವ್ರಂಗ ಹೋಗ್ತಾರ.”

ಏನಾದರೂ ಹೇಳಬೇಕಲ್ಲ, ಈರಬಸಪ್ಪ ಹೇಳಿದ: “ಹೋದ ಕೂಡ್ಲೆ ಆ ಹುಡುಗಿ ತಲಿ ಮ್ಯಾಲೆ ಕೈ ಇಟ್ಟು ‘ತಂಗಿ, ತಪ್ಪಾತು’ ಅನ್ನು.”

“ಕಾಕಾ! ಅಲ್ಲಿ ಯಾರ ತಲಿನೂ ಮುಟ್ಟಬಾರ್ದ್ರಿ. ಅವಮಾನ ಮಾಡಿಧಂಗ.”

“ಹಂಗಾರ ಕಾಲು ಮುಟ್ಟು. ಸಣ್ಣಾಕಿ ಆಗಂಗಿಲ್ಲ ನೀ.”

“ಕಾಲಿನ ಸುದ್ದಿ ತಗೀಬ್ಯಾಡ್ರಿ. ಕಾಲು ಎಲ್ಲಾದಕ್ಕಿಂತ ಕೀಳು ಅಲ್ಲೆ.”

“ತಲಿ ಬ್ಯಾಡ, ಕಾಲು ಬ್ಯಾಡ… ಕೈ ಕುಲುಕು.”

“ಅದನ್ನೂ ಅಷ್ಟು ಮಾಡಂಗಿಲ್ರಿ.” ಸುನಿತಾ ಕಡ್ಡಿ ಬಿಟ್ಟು ತಲೆಯೆತ್ತಿ ಅವನನ್ನೇ ನೋಡಿದಳು. “ಕಾಕಾ, ನೀವು ಖರೇನ ಹೋಗಿದ್ರೇನು?”

“ಫೋಟೊ ಐತೆಲ್ಲ!” ಅಂದ ಈರಬಸಪ್ಪ. ಆದರೆ ದನಿ ಬಿಸಿಲಿಗೆ ಬಾಡಿದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು.

ಸುನಿತಾ ಅದನ್ನು ಮುಂದುವರಿಸಲಿಲ್ಲ. “ದಿನಾ ಹಾದ್ಯಾಗ ಸಿಕ್ಕವ್ರು ‘ಊಟ ಆತ?’ ಅಂತ ಕೇಳ್ತಾರ್ರಿ, ಅಗದಿ ನಮ್ಮಂಗ. ಮೊದಮೊದಲ ನಾ ‘ಇಲ್ಲ’ ಅಂತಿದ್ದೆ. ಬಾ ಅಂತ ಕರೀತಾರ ಅಂತ ನಿಂತ ನೋಡ್ತಿದ್ದೆ. ಅವ್ರು ನಕ್ಕು ಹೋಗಿಬಿಡ್ತಿದ್ರು. ನಾ ರೂಮಿಗೆ ಬಂದು ಒಬ್ಬಾಕಿನ ಅನ್ನಾ ಮಾಡ್ಕೊಂಡು ತಿಂತಿದ್ದೆ.”

ಕೊನೆಗೂ ಈರಬಸಪ್ಪನಿಗೆ ಗೊತ್ತಿದ್ದ ವಿಷಯ ಬಂತು. ಅವನು ಗಟ್ಟಿಯಾಗಿ ನಕ್ಕ. “ಇಷ್ಟಕ್ಕ ಅಳತಿ ಏನವ್ವಾ? ನಾವೂ ಹಂಗ ಕೇಳೂದು. ನಿಮ್ಮಪ್ಪಗ ದಿನಾ ಮುಂಜಾನೆ ‘ಚಾ ಆತೇನ್ರಿ ಮಾಸ್ತರ’ ಅಂತ ಕೇಳ್ತೀನಿ. ಅದು ಮಾತಿಗೆ ಕೇಳೂದು.”

“ಹೌದ್ರಿ ಕಾಕಾ. ನಮ್ಮಪ್ಪನೂ ದಿನಾ ‘ಆತ್ರಿ’ ಅಂತಾನ,” ಅಂದಳು ಸುನಿತಾ. “ಆಗಿರಂಗಿಲ್ಲ.”

ಅವಳು ದನಿ ಎತ್ತರಿಸಿರಲಿಲ್ಲ, ಅದರಲ್ಲಿ ಸಿಟ್ಟೂ ಇರಲಿಲ್ಲ. ಈರಬಸಪ್ಪನ ನಗು ಮಾತ್ರ ಮುಖದ ಮೇಲೆ ಹಾಗೇ ನಿಂತುಬಿಟ್ಟಿತು. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮಾಸ್ತರು ದಿನಾ ಶಾಲೆಗೆ ಹೋಗುವಾಗ ಅಂಗಡಿಯ ಕಟ್ಟೆಯ ಕೆಳಗೇ ನಿಂತು ಮಾತಾಡಿ ಹೋಗುತ್ತಿದ್ದರು. ಕಟ್ಟೆ ಹತ್ತಿದ್ದು ಅವನಿಗೆ ನೆನಪಿರಲಿಲ್ಲ. ಹತ್ತಬೇಡಿ ಎಂದು ಅವನು ಅಂದಿರಲಿಲ್ಲ. ಹತ್ತಿ ಬರ್ರಿ ಎಂದೂ ಅಂದಿರಲಿಲ್ಲ. ದಿನಾ ನಕ್ಕು ಮಾತಾಡಿಸಿದ್ದ, ಅಷ್ಟೆ.

ಗೊಬ್ಬರದ ಚೀಲದ ಹೊಲಿಗೆಯಲ್ಲಿ ಸರಿಯಾದ ಒಂದು ಎಳೆ ಸಿಕ್ಕರೆ ಸಾಕು, ಎಳೆದಂತೆ ಇಡೀ ಬಾಯಿ ಬಿಚ್ಚಿಕೊಳ್ಳುತ್ತದೆ. ಈರಬಸಪ್ಪನಿಗೆ ಹಾಗಾಯಿತು.

“ನಾ ಅಲ್ಲಿ ಏನೂ ನೋಡಿಲ್ಲವ್ವಾ,” ಅಂದ.

“ಏನ್ರಿ?”

“ಮೊದಲನೇ ದಿನ ಹೋಟೆಲಿನಾಗ ಊಟಕ್ಕ ಹೋದೆ. ಒಂದೊಂದ ಪಾತೇಲಿ ಮುಚ್ಚಳಾ ತಗದ್ರ ಒಳಗಿಂದ ಒಂದೊಂದ ಪ್ರಾಣಿ ನನ್ನ ನೋಡಾಕತ್ತಿತ್ತು. ರೂಮಿಗೆ ಓಡಿ ಬಂದೆ. ಮಲ್ಲಕ್ಕ ಕಟ್ಟಿದ್ದ ಕಟಿ ರೊಟ್ಟಿ, ಶೇಂಗಾ ಹಿಂಡಿ ತಿನಕೋತ ಬಿದ್ದೆ. ಜೋಡಿ ಬಂದವ್ರು ಕರದ್ರು, ಮೈಯಾಗ ಆರಾಮಿಲ್ಲ ಅಂದೆ. ಖರೇ ಅಂದ್ರ ಅಂಜಿಕಿ. ಲಿಫ್ಟಿನ ಅಂಜಿಕಿ, ರಸ್ತಾದ ಅಂಜಿಕಿ, ಯಾರರ ಏನರ ಕೇಳಿದ್ರ ಏನ ಹೇಳೂದು ಅನ್ನೂ ಅಂಜಿಕಿ. ಆ ಬಂಗಾರದ ಗೋಪುರ ಐತಲ್ಲ ಫೋಟೊದಾಗ? ಅದು ಹೋಟೆಲಿನ ಗ್ವಾಡಿ ಮ್ಯಾಲೆ ತಗದಿದ್ದ ಚಿತ್ರ. ತೇಲೂ ಬಜಾರದ ಸುದ್ದಿ, ಮಲಗಿದ ಬುದ್ಧನ ಸುದ್ದಿ, ಎಲ್ಲಾ ಅವ್ರು ಬಂದು ಹೇಳಿದ್ದು.”

ಸುನಿತಾ ಮೆಟ್ಟಿಲಿಂದ ಮುಂದಕ್ಕೆ ಬಾಗಿದಳು.

“ಮೂರನೇ ದಿನ ರೊಟ್ಟಿ ಮುಗದ್ವು. ಬಾಳಿಹಣ್ಣು ಸಿಕ್ಕಾವೇನು ಅಂತ ಕೆಳಗ ಇಳದೆ. ಎರಡ ತಿರುವು ತಿರಗಿದ್ದ ತಡ, ಹಾದಿ ತಪ್ತು. ಎಲ್ಲಾ ಬಿಲ್ಡಿಂಗೂ ಒಂದ ಥರ. ರಸ್ತಾದ ಬಾಜೂಕ ಕುಂತು ಅತ್ತಬಿಟ್ಟೆ, ಐವತ್ತ ವರ್ಷದ ಗಂಡಸು. ಅಲ್ಲೊಬ್ಬಾಕಿ ಊಟದ ಗಾಡಿ ಇಟಗೊಂಡಿದ್ಲು, ನಮ್ಮ ಮಲ್ಲಕ್ಕನ ವಾರಗಿಯಾಕಿ. ಊಟ ಆತೇನು ಅಂತ ಕೈಲೆ ಕೇಳಿದ್ಲು. ಬ್ಯಾಡ ಅಂತ ತಲಿ ಅಲ್ಲಾಡಿಸಿದೆ. ಆಕಿ ಹೋಗ್ಲಿಲ್ಲವ್ವಾ. ಸಣ್ಣ ಸ್ಟೂಲ ತಂದಿಟ್ಲು. ಕುಂದ್ರಿಸಿದ್ಲು. ಅನ್ನಾ ಸಾರು ಕೊಟ್ಲು. ಆಮ್ಯಾಲೆ ನಾ ಮಾತಾಡಾಕ ಹತ್ತಿದೆ. ನಮ್ಮ ಅಂಗಡಿ ಸುದ್ದಿ, ಸತ್ತ ನಮ್ಮ ತಮ್ಮನ ಸುದ್ದಿ, ಎಲ್ಲಾ, ಕನ್ನಡದಾಗ. ಆಕಿ ಆಕಿ ಭಾಷಾದಾಗ. ಎರಡ ತಾಸು ಕುಂತಿದ್ವಿ. ಒಂದ ಅಕ್ಷರ ತಿಳಿಲಿಲ್ಲ, ಆದ್ರ ಹೇಳೂದು ಏನೂ ಉಳಿಲಿಲ್ಲ. ಹೊಂಡೂಮುಂದ ಕೈ ಮುಗದೆ. ಆಕಿ ನಕ್ಕು ‘ಮೈ ಪೆನ್ ರೈ’ ಅಂದ್ಲು. ಅವ್ರ ನಮಸ್ಕಾರ ಅದು ಅಂತ ತಿಳಕೊಂಡು ಬಂದೆ. ನಾ ಕಂಡ ಥಾಯ್ಲೆಂಡು ಅಂದ್ರ ಅಷ್ಟ.”

ಸುನಿತಾಳ ತುಟಿ ನಡುಗಿತು. ಅಳುತ್ತಾಳೆಂದು ಈರಬಸಪ್ಪ ಗಾಬರಿಯಾದ. ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಗೋಡೆಯಾಚೆ ಭೀಮಶಿ ಕೆಮ್ಮುವುದನ್ನೇ ನಿಲ್ಲಿಸಿದ.

“ಕಾಕಾ, ಅದು ನಮಸ್ಕಾರ ಅಲ್ರಿ. ‘ಇರ್ಲಿ ಬಿಡು, ಏನಾಗಂಗಿಲ್ಲ’ ಅಂತ!”

ಈರಬಸಪ್ಪನಿಗೆ ಆರು ವರ್ಷ ಕಣ್ಣ ಮುಂದೆ ಹಾದುಹೋಯಿತು. ಗೊಬ್ಬರ ಸಿಗದೆ ಬೈಯುತ್ತ ಬಂದ ರೈತರಿಗೆಲ್ಲ ಅವನು ನಗುತ್ತ ಕೈ ಮುಗಿದು, ಇರ್ಲಿ ಬಿಡು, ಏನಾಗಂಗಿಲ್ಲ ಎಂದಿದ್ದ. ಬೀಜ ಮೊಳೆಯಲಿಲ್ಲ ಎಂದು ಬಂದವರಿಗೂ ಅದನ್ನೇ ಎಂದಿದ್ದ. ಅಷ್ಟು ನೆನಪಾಗಿ ಅವನಿಗೂ ನಗು ಬಂತು. ಆಮೇಲೆ ಊಟದ ಗಾಡಿಯ ಆ ಹೆಂಗಸು ನೆನಪಾದಳು. ಅವಳು ತನಗೆ ಹೇಳಿದ್ದು ಏನೆಂದು ತಿಳಿಯಲು ಆರು ವರ್ಷ ಬೇಕಾಯಿತಲ್ಲ ಅನ್ನಿಸಿ, ಮುಖ ಆಚೆ ತಿರುಗಿಸಿದ.

“ಆ ಸಾರಿನಾಗ ಏನಿತ್ರಿ ಕಾಕಾ?”

“ಸೊಪ್ಪು.”

“ಬರೇ ಸೊಪ್ಪ?”

“ಯಾಕ?”

“ಏನಿಲ್ರಿ. ಸೊಪ್ಪೂ ಇರ್ತೈತಿ.”

ಈರಬಸಪ್ಪ ಮುಂದೆ ಕೇಳುವುದು ಬೇಡವೆಂದು ನಿರ್ಧರಿಸಿದ.

ಬೇವಿನ ಎಲೆಯೊಂದು ಅವಳ ಮಡಿಲಿಗೆ ಬಿತ್ತು. ಸುನಿತಾ ಅದನ್ನು ಮಡಚತೊಡಗಿದಳು. “ಅಷ್ಟ ಮಂದಿಯೊಳಗ ಆಕಿ ನಿಮ್ಮನ್ನ ಯಾಕ ಕರದ್ಲು?”

“ನಾ ಅಳಾಕತ್ತಿದ್ದೆನಲ್ಲ.”

“ನಾ ಅಲ್ಲಿ ಒಂದಿನಾನೂ ಮಂದಿ ಮುಂದ ಅತ್ತಿಲ್ರಿ. ಎಲ್ಲಾರಂಗ ನಕ್ಕೋತ ಇದ್ದೆ. ಊಟ ಆತೇನು ಅಂದ್ರ ಆತು ಅನ್ನಾಕ ಕಲ್ತಿದ್ದೆ.” ಅವಳು ತಲೆಯೆತ್ತಿದಳು. “ನನ್ನ ನಗು ಯಾವ ನಗು ಅಂತ ಅವ್ರಿಗರ ಹೆಂಗ ತಿಳೀಬೇಕು?”

ಉತ್ತರಕ್ಕೆ ಕಾಯದೆ ಅವಳೇ ಎದ್ದು, ಹಂಡೆಯ ನೀರಿನಿಂದ ಮುಖ ತೊಳೆದುಕೊಂಡು, “ಹೋಗ್ತೀನ್ರಿ ಕಾಕಾ,” ಅಂದಳು. “ಹೋಗಿ ಮೊದಲ ಮೂ ಮುಂದ ಕುಂತು ಎಲ್ಲಾ ಹೇಳ್ತೀನಿ. ಅಳೂ ಬಂದ್ರ ಅಳತೀನಿ.”

ದುಂಡವ್ವ ಹಿತ್ತಲ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು, ಕೊಡಲೋ ಬೇಡವೋ ಎಂದು ಅಳುಕುತ್ತ ನಿಂತಿದ್ದಳು. ಈರಬಸಪ್ಪ ತಾನೇ ಎದ್ದು ಹೋಗಿ ಇಸಿದುಕೊಂಡ. ಕುಡಿದು, “ಇನ್ನೊಂದೀಟ ಹಾಕ್ರವ್ವಾ,” ಅಂದ.

ಇಲ್ಲಿಗೇ ಎದ್ದು ಅಂಗಡಿಗೆ ಹೋಗಿದ್ದರೆ ಈರಬಸಪ್ಪನ ಆ ದಿನ ಒಳ್ಳೆಯ ದಿನವಾಗುತ್ತಿತ್ತು. ಆದರೆ ಹೊರಗೆ ಬಂದರೆ ಓಣಿ ತುಂಬ ಮಂದಿ. ಯಾವ ಲಾರಿಯೂ ಬಾರದ್ದು ನೋಡಿ ಅಂಗಡಿಗೆ ಬೀಗ ಹಾಕಿ ಮಾಬುಸಾಬನೂ ಬಂದಿದ್ದ, ಅವನ ಹಿಂದೆ ಮಲ್ಲಕ್ಕನೂ ಬಂದಿದ್ದಳು. ಮಗಳು ಹೊರಟಳೆಂದು ಕೇಳಿ ಮಾಸ್ತರ ಕಣ್ಣು ತುಂಬಿತ್ತು.

“ನಾಕ ದಿನದಿಂದ ನಮ್ಮ ಕೈಲೆ ಆಗದ್ದು ನೀವು ಅರ್ಧ ತಾಸಿನಾಗ ಮಾಡಿದ್ರಿ,” ಅಂದರು. “ಇನ್ನೊಂದ ಉಪಕಾರ ಮಾಡ್ರಿ. ಬ್ಯಾಂಕಾಕಿನಿಂದ ಆಕಿ ಯುನಿವರ್ಸಿಟಿಗೆ ಏಳ ತಾಸು ಬಸ್ಸಿನ ಹಾದಿ. ನಾ ಜೋಡಿ ಹೋಗಬೇಕಂತ ಮಾಡಿದ್ದೆ, ನನ್ನ ಪಾಸ್‌ಪೋರ್ಟು ಇನ್ನೂ ಬಂದಿಲ್ಲ. ನಿಮ್ಮದೈತಿ. ಮನಸ್ಸು ತಿರುಗೂದ್ರೊಳಗ ಆಕಿನ್ನ ಹಾಸ್ಟೆಲ್ ತನಕ ಮುಟ್ಟಿಸಿ ಬಂದುಬಿಡ್ರಿ. ನಿಮಗ ಅಡ್ಡಾಡಿದ ಊರು.”

“ಅದೇನ ಕೇಳೂದ್ರಿ, ಕಾಕಾ ತಯಾರ ಅದಾರ!” ಅಂದ ಭೀಮಶಿ.

ಲಿಫ್ಟು, ರಸ್ತೆ, ಮುಚ್ಚಳ ಮುಚ್ಚಿದ ಪಾತೇಲಿಗಳು, ಎಲ್ಲ ಒಮ್ಮೆಲೇ ಈರಬಸಪ್ಪನ ಕಣ್ಣಿಗೆ ಕಟ್ಟಿದವು. ಒಮ್ಮೆ ನಿಜ ಹೇಳಿ ಹಗುರಾದ ಮನುಷ್ಯ, ಇನ್ನೊಮ್ಮೆ ಹೇಳಿದರೇನು ಎಂದುಕೊಂಡ. ಮಂದಿಯ ನಡುವೆ ನಿಂತು ಎಲ್ಲವನ್ನೂ ಹೇಳಿಬಿಟ್ಟ. ರೂಮಿನಲ್ಲಿ ಬಿದ್ದದ್ದು, ಗೋಡೆಯ ಚಿತ್ರ, ಹಾದಿ ತಪ್ಪಿ ಅತ್ತದ್ದು. “ನನಗ ಬ್ಯಾಂಕಾಕ್ ಗೊತ್ತಿಲ್ರಿ. ಆರ ವರ್ಷ ಸುಳ್ಳ ಹೇಳಿದೆ. ತಪ್ಪಾತು,” ಎಂದು ಎಲ್ಲರಿಗೂ ಕೈ ಮುಗಿದ.

ಭೀಮಶಿ ಮೆಲ್ಲಗೆ ತಲೆಯಾಡಿಸಿದ.

“ತಿಳೀತು. ಈಗ ತಿಳೀತು! ಹುಡುಗಿ ಮುಂದೂ ಇದನ್ನ ಹೇಳ್ಯಾರ. ತಾವು ಅಂಜುಬುರುಕ ಆದ್ರ ಹುಡುಗಿಗೆ ಧೈರ್ಯ ಬರ್ತೈತಿ ಅಂತ! ಗ್ವಾಡಿ ಆಚಿಗಿಂದ ಕೇಳಿದೆ, ಹುಡುಗಿ ನಗಾಕತ್ತಿತ್ತು. ಎಂಥಾ ತಲಿ ನೋಡ್ರಿ ಕಾಕಾಂದು!”

“ಅಲ್ಲೋ ಭೀಮಶಿ, ಖರೇನ…”

“ಸುಮ್ನಿರ್ರಿ,” ಅಂದಳು ಮಲ್ಲಕ್ಕ. “ಆ ತೇಲೂ ಬಜಾರದ ಸುದ್ದಿ ಕೇಳಿ ಕೇಳಿ ಅಲ್ಲಿ ಯಾವ ದೋಣ್ಯಾಗ ಏನ ಮಾರ್ತಾರ ಅಂತ ನನಗ ಬಾಯಿಪಾಠ ಆಗೈತಿ. ನೋಡದ ಇದ್ದಾವ ಅಷ್ಟು ಹೇಳತಾನ? ಮಾಸ್ತರ ಮಗಳನ್ನ ಮುಟ್ಟಿಸಿ ಬರಾಕ ಮೈಗಳ್ಳತನಾ ಮಾಡಬ್ಯಾಡ್ರಿ.”

ಈರಬಸಪ್ಪನಿಗೆ ಆಗ ಯುನೂಸ್ ನೆನಪಾದ. ಅಣ್ಣಿಗೇರಿಯ ಬೀಜದ ಅಂಗಡಿಯವನು. ಬ್ಯಾಂಕಾಕಿನಲ್ಲಿ ಒಂದೇ ರೂಮಿನಲ್ಲಿದ್ದವನು. ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ. “ಯುನೂಸ್, ಇಲ್ಲಿ ಊರ ಮಂದಿ ಕೂಡ್ಯಾರ. ಖರೇ ಹೇಳು. ಬ್ಯಾಂಕಾಕಿನಾಗ ನಾ ಎಲ್ಲಿ ಇದ್ದೆ?”

ಯುನೂಸನ ದನಿ ಓಣಿ ತುಂಬ ಮೊಳಗಿತು: “ಅರೇ ಅಣ್ಣಾ, ನಿಮ್ಮನ್ನ ರೂಮಿನಾಗ ನೋಡಿದವ್ರು ಯಾರ್ರೀ? ಮುಂಜಾನೆ ಹ್ವಾದ್ರ ಸಂಜಿಗೆ ಬರ್ತಿದ್ರಿ! ನಮ್ಮ ಗೈಡ್‌ಗ ಹಾದಿ ತೋರಿಸಿದವ್ರ ನೀವು! ಆ ಮಂದಿ ಜೋಡಿ ನೀರು ಕುಡಧಂಗ ಮಾತಾಡ್ತಿದ್ರಿ!”

ಮಂದಿ ಚಪ್ಪಾಳೆ ತಟ್ಟಿದರು. ಈರಬಸಪ್ಪ ಸ್ಪೀಕರ್ ಬಂದ್ ಮಾಡಿ ಫೋನನ್ನು ಕಿವಿಗೆ ಒತ್ತಿಕೊಂಡ. “ಏನ ಮಾಡಿದೆಪಾ ಯುನೂಸ್?”

“ಹೆಂಗ ಹೇಳಿದೆ?” ಅಂದ ಯುನೂಸ್, ಹಿಗ್ಗಿನಿಂದ ಪಿಸುಗುಟ್ಟುತ್ತ. “ಯಾರ ಕೇಳಿದ್ರೂ ಹಿಂಗ ಹೇಳು ಅಂತ ವಿಮಾನದಾಗ ಕೈ ಮ್ಯಾಲೆ ಕೈ ಇಡಿಸ್ಕೊಂಡಿದ್ರಲ್ಲ? ಜೀವ ಹೋದ್ರೂ ಮಾತ ಮುರಿಯಾಂವ ಅಲ್ರಿ ನಾ.”

ಉಳಿದದ್ದು ಒಂದೇ ಆಸೆ. ಈರಬಸಪ್ಪ ಹೊಸ್ತಿಲಲ್ಲಿ ನಿಂತಿದ್ದ ಸುನಿತಾಳತ್ತ ತಿರುಗಿದ. “ನೀನರ ಹೇಳವ್ವಾ. ನಿನಗ ಎಲ್ಲಾ ಗೊತ್ತೈತಿ.”

ಸುನಿತಾ ಅಪ್ಪನನ್ನು ನೋಡಿದಳು, ಮಂದಿಯನ್ನು ನೋಡಿದಳು, ಕೊನೆಗೆ ಈರಬಸಪ್ಪನನ್ನು ನೋಡಿದಳು.

“ನನ್ನ ಸಮಾಧಾನಕ್ಕ ಹಂಗ ಹೇಳಿದ್ರು,” ಅಂದಳು. “ಕಾಕಾಗ ಆ ದೇಶ ಪೂರಾ ಗೊತ್ತೈತಿ. ಭಾಷಾನೂ ಭಾಳ ಚಂದ ಬರ್ತೈತಿ. ಅವ್ರು ಬಂದ್ರ ನಾ ಹೋಗ್ತೀನಿ.”

ಅಲ್ಲಿಗೆ ಪಂಚಾಯತಿ ಮುಗಿಯಿತು. ಭೀಮಶಿ ತಾನೇ ಎಲ್ಲ ಬಗೆಹರಿಸಿದವನಂತೆ ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಹೊರಟ. ಕಾಕಾನಿಗೆ ಎರಡು ಹೊಸ ಅಂಗಿಗೆ ಅಳತೆ ತೆಗೆಯುವುದಾಗಿ ಮಾಬುಸಾಬ ಹೇಳಿದ. ಮಾಸ್ತರು ಟಿಕೆಟ್ಟಿನ ವಿಚಾರಕ್ಕೆ ಯಾರಿಗೋ ಫೋನು ಮಾಡಲು ಒಳಗೆ ಓಡಿದರು. ಮಂದಿ ಕರಗಿದ ಮೇಲೆ ಈರಬಸಪ್ಪ ಹುಡುಗಿಯ ಹತ್ತಿರ ಬಂದ.

“ಯಾಕವ್ವಾ ಹಿಂಗ ಮಾಡಿದಿ? ನಾ ನಿನಗ ಏನ ಅನ್ಯಾಯ ಮಾಡಿದ್ದೆ?”

“ತಪ್ಪಾತ್ರಿ ಕಾಕಾ.” ಅವಳ ಕಣ್ಣು ಇನ್ನೂ ಕೆಂಪಾಗಿತ್ತು. “ಎಲ್ಲಾ ಗೊತ್ತಿದ್ದವ್ರ ಜೋಡಿ ಹೋದ್ರ, ನಾ ಅಂಜಿದ್ದು ಅವ್ರಿಗೆ ತಿಳಿಯಂಗಿಲ್ಲ. ‘ಇದಕ್ಯಾಕ ಅಂಜತೀ’ ಅಂತಾರ. ಮತ್ತ ನಾ ಒಬ್ಬಾಕಿನ ಆಗ್ತೀನಿ. ನೀವ ಬರ್ರಿ. ಇಬ್ರೂ ಕೂಡಿ ಅಂಜೂಣು.”

ಈರಬಸಪ್ಪ ಚಪ್ಪಲಿ ಮೆಟ್ಟಿಕೊಂಡ. ಹತ್ತು ಹೆಜ್ಜೆ ಹೋದ, ನಿಂತ, ತಿರುಗಿದ.

“ಐತವಾರ ವಿಮಾನ ಎಷ್ಟಕ್ಕೈತಿ?” ಅಂದ.